ಕಪ್ಪು ಬಿಳಿ ಹುರಿ

ಮೈಮೂನಾಳಿಗೆ ಲಗ್ಮನ್ ಎಳೆಯಲು ಬರುತ್ತಿರಲಿಲ್ಲ. ಕಿರ್ಗಿಜರ ನಾಡಿನ ತೋಕ್ಮೋಕ್ ಪಟ್ಟಣದಲ್ಲಿ ಇದನ್ನು ಯಾರಿಗೆ ಹೇಳಿದರೂ ನಂಬುತ್ತಿರಲಿಲ್ಲ. ತಲೆಮಾರುಗಳ ಹಿಂದೆ ಗಡಿ ದಾಟಿ ಬಂದು ನೆಲೆಸಿದ ಡುಂಗಾನರ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳು ಹಿಟ್ಟು ನಾದಿ, ಎರಡೂ ಕೈಯಲ್ಲಿ ಎಳೆದು, ಶಾವಿಗೆಯಂಥ ಉದ್ದುದ್ದ ಎಳೆಗಳನ್ನು ಕುದಿನೀರಿಗೆ ಬಿಡಲು ಬಾರದೆ ಇರುವುದುಂಟೇ ಎಂದು ನಗುತ್ತಿದ್ದರು. ಅವಳು ಎಳೆದ ಲಗ್ಮನ್ ಒಂದು ತುದಿಯಲ್ಲಿ ಹೊಲಿಗೆ ದಾರದಷ್ಟು ತೆಳ್ಳಗಿದ್ದರೆ ಇನ್ನೊಂದು ತುದಿಯಲ್ಲಿ ಹೆಬ್ಬೆರಳಿನಷ್ಟು ದಪ್ಪ. 'ಇದನ್ನ ಕತ್ತೆ ಕಟ್ಟೋಕೆ ಇಟ್ಕೊ' ಎಂದು ಅವಳ ತಾಯಿ ಕೊನೆಗೊಂದು ದಿನ ಕೈಚೆಲ್ಲಿದ್ದಳು. ಮದುವೆಯಾದ ಮೇಲೆ ಗಂಡ ಇಸ್ಹಾರ್ ಕೆಲವು ತಿಂಗಳು ಮಾತಾಡದೆ ತಿಂದ. ಆಮೇಲೆ ಲಾರಿ ರಿಪೇರಿ ಮಾಡುವ ತನ್ನ ಒರಟು ಕೈಗಳನ್ನು ಸೋಪು ಹಾಕಿ ತಿಕ್ಕಿ ತೊಳೆದುಕೊಂಡು, ತಾನೇ ಹಿಟ್ಟಿನ ಮುಂದೆ ನಿಂತ. ಅಂದಿನಿಂದ ಆ ಮನೆಯ ಅಡುಗೆಯ ವಿಷಯದಲ್ಲಿ ಜಗಳವೇ ಇಲ್ಲ.

ಅವಳಿಗೆ ಬರುತ್ತಿದ್ದುದು ಓಟ. ಪಟ್ಟಣದ ಒಂದು ಶಾಲೆಯಲ್ಲಿ ವ್ಯಾಯಾಮದ ಟೀಚರು. ಐವತ್ತು ದಾಟಿದ್ದರೂ ಬೆಳಿಗ್ಗೆ ಕಾಲುವೆಯ ದಂಡೆಯ ಮೇಲೆ ಪಾಪ್ಲರ್ ಮರಗಳ ಸಾಲು ಮುಗಿಯುವ ತನಕ ಓಡಿ, ವಾಪಸ್ ಓಡಿ ಬಂದೇ ಚಹಾ ಕುಡಿಯುವವಳು. ಸಂಬಳ ಬಂತೆಂದರೆ ಅದರಲ್ಲಿ ಒಂದು ಪಾಲು ಬೂಟಿಲ್ಲದ ಮಕ್ಕಳ ಕಾಲಿಗೆ ಹೋಗುತ್ತಿತ್ತು. ಡುಂಗಾನರೆಂದರೆ ಈರುಳ್ಳಿ ಬೆಳ್ಳುಳ್ಳಿ ಬೆಳೆಯುವವರು ಎಂದು ಊರಿನ ಲೆಕ್ಕ. ಹೊಲದ ಕೆಲಸ ಅವಳಿಗೆ ಗೊತ್ತಿಲ್ಲ, ಈರುಳ್ಳಿ ಹೆಚ್ಚಿದರೆ ಅವಳಷ್ಟು ಅಳುವವರು ಇನ್ನೊಬ್ಬರಿಲ್ಲ. ಆದರೂ ಶಾಲೆಯ ಹೆಡ್ ಮಾಸ್ಟರು ವರ್ಷಾವರ್ಷ ಅವಳನ್ನು ಕರೆದು, "ಮೈಮೂನಾ, ಈ ಸಲ ನಿಮ್ಮವರ ಬೆಳ್ಳುಳ್ಳಿ ರೇಟು ಹೆಂಗಿದೆ?" ಎಂದು ಕೇಳುತ್ತಿದ್ದರು. ಅವಳು ಬಾಯಿಗೆ ಬಂದ ಒಂದು ರೇಟು ಹೇಳುತ್ತಿದ್ದಳು. ಅವರು ಅದನ್ನು ಗಂಭೀರವಾಗಿ ಕೇಳಿಸಿಕೊಂಡು ತಲೆಯಾಡಿಸುತ್ತಿದ್ದರು.

ಇಂಥದ್ದನ್ನೆಲ್ಲ ಅವಳು ನಕ್ಕು ಬಿಟ್ಟುಬಿಡುತ್ತಿದ್ದುದಕ್ಕೆ ಒಂದು ಕಾರಣವಿತ್ತು. ನಗುವಾಗ ಜೊತೆಗೆ ಬುರುಲ್ ಇರುತ್ತಿದ್ದಳು.

ಬುರುಲ್ ಕಿರ್ಗಿಜ್ ಹೆಂಗಸು, ಅದೇ ಶಾಲೆಯಲ್ಲಿ ಲೆಕ್ಕದ ಟೀಚರು. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಓದಿದವರು, ಒಬ್ಬಳ ರೊಟ್ಟಿ ಇನ್ನೊಬ್ಬಳು ಕಿತ್ತು ತಿಂದವರು. ಆಗ ಹಿಂದಿನ ಸಾಲಿನ ಒಬ್ಬ ಹುಡುಗ ಮೈಮೂನಾ ಹಾದುಹೋದಾಗಲೆಲ್ಲ ಮೂಗು ಹಿಡಿದುಕೊಂಡು 'ಬೆಳ್ಳುಳ್ಳಿ ಬಂತು, ಬೆಳ್ಳುಳ್ಳಿ ಬಂತು' ಎನ್ನುತ್ತಿದ್ದ. ಒಂದು ದಿನ ಬುರುಲ್ ತನ್ನ ಬೂಟು ಬಿಚ್ಚಿ, ಗುರಿಯಿಟ್ಟು, ಅವನ ಹಣೆಗೆ ಸರಿಯಾಗಿ ಬೀಸಿ ಒಗೆದಳು. ಹಣೆ ಊದಿಕೊಂಡಿತು. ಬುರುಲಳ ಅಪ್ಪನನ್ನು ಶಾಲೆಗೆ ಕರೆಸಿದರು. ಅಪ್ಪ ಮಗಳನ್ನು ಎಲ್ಲರ ಮುಂದೆ ಬೈದು, ದಾರಿಯಲ್ಲಿ ಮಿಠಾಯಿ ಕೊಡಿಸಿದ. ಆ ಮಿಠಾಯಿಯಲ್ಲಿ ಅರ್ಧ ಮೈಮೂನಾಳಿಗೆ ಬಂತು. ಅದರ ರುಚಿ ಅವಳಿಗೆ ಇವತ್ತಿಗೂ ನೆನಪಿದೆ.

ಇಬ್ಬರೂ ಶಾಲೆಯ ರಿಲೇ ತಂಡದಲ್ಲಿದ್ದರು. ಮೂರನೆಯ ಓಟ ಮೈಮೂನಾಳದು, ಕೊನೆಯದು ಬುರುಲಳದು. ಜಿಲ್ಲಾ ಕ್ರೀಡಾಕೂಟದಲ್ಲಿ ಇಬ್ಬನಿ ಬಿದ್ದು ಜಾರುತ್ತಿದ್ದ ತಿರುವಿನಲ್ಲಿ ಮೈಮೂನಾ ಮುಗ್ಗರಿಸಿ ಬಿದ್ದಳು. ಎಡಮಂಡಿಯ ಚರ್ಮ ಕಿತ್ತು ಬಂತು. ಎದ್ದು, ಉಳಿದ ದೂರವನ್ನು ಹೇಗೆ ಓಡಿದಳೋ ಅವಳಿಗೇ ತಿಳಿಯದು, ರಕ್ತ ಮೆತ್ತಿದ ಕೋಲನ್ನು ಬುರುಲಳ ಅಂಗೈಗೆ ಇಟ್ಟಳು. ತಂಡ ಗೆಲ್ಲಲಿಲ್ಲ, ಗೆಲ್ಲುವ ಮಾತೂ ಇರಲಿಲ್ಲ. ಬುರುಲ್ ಮಾತ್ರ ಓಟ ಮುಗಿಸಿದವಳು ನಿಲ್ಲದೆ ಹಾಗೇ ಒಂದು ಸುತ್ತು ತಿರುಗಿ ಬಂದು, ಕುಂಟುತ್ತಿದ್ದ ಗೆಳತಿಯನ್ನು ಬೆನ್ನಿಗೆ ಹಾಕಿಕೊಂಡು ಬಸ್ಸಿನವರೆಗೆ ಹೊತ್ತಳು.

ಅಂಥ ಗೆಳೆತನ. ಅದರ ಮೇಲೆ ಮೈಮೂನಾ ಯಾವತ್ತೂ ಅನುಮಾನಪಟ್ಟವಳಲ್ಲ.

ಬುರುಲಳ ಮಗ ಮಕ್ಸಾತನಿಗೆ ಗಂಡುಮಗು ಹುಟ್ಟಿತು. ಹೆಸರು ಬೆಕ್ತೂರ್. ವರ್ಷ ತುಂಬುವ ಹೊತ್ತಿಗೆ ಅವನು ಬೆಂಚು ಹಿಡಿದು ಎದ್ದು ನಿಂತ. ನಿಂತವನು ತಾನು ಮಾಡಿದ್ದು ತನಗೇ ನಂಬಿಕೆಯಾಗದೆ ಅತ್ತಿತ್ತ ನೋಡಿ ಧೊಪ್ಪನೆ ಕೂತ. ಮೈಮೂನಾ ಅಲ್ಲೇ ಚಹಾ ಕುಡಿಯುತ್ತಿದ್ದಳು. ಬುರುಲ್ ಲೋಟ ಕೆಳಗಿಟ್ಟು, ಮೊದಲೇ ಯೋಚಿಸಿಟ್ಟವಳ ಹಾಗೆ ಹೇಳಿದಳು.

"ಇವನ ಕಾಲಿನ ಹುರಿ ನೀನೇ ಕತ್ತರಿಸಬೇಕು ಕಣೇ."

ಮೈಮೂನಾಳ ಕೈ ನಿಂತಿತು. ಮಗು ಹೆಜ್ಜೆ ಹಾಕುವ ಕಾಲಕ್ಕೆ ಕಿರ್ಗಿಜರು ಅದರ ಎರಡೂ ಕಾಲಿಗೆ ಕಪ್ಪು ಬಿಳಿ ಉಣ್ಣೆಯ ಹುರಿ ಕಟ್ಟಿ, ನೆಂಟರಿಷ್ಟರ ನಡುವೆ ನಿಲ್ಲಿಸಿ, ಕತ್ತರಿಸುತ್ತಾರೆ. ಕತ್ತರಿಸಿದವರ ಗುಣ ಮಗುವಿಗೆ ಬರುತ್ತದೆ. ಹಾಗಾಗಿ ಯಾರ್ಯಾರಿಗೋ ಚಾಕು ಕೊಡುವುದಿಲ್ಲ. ನನ್ನ ಮಗು ನಿನ್ನ ಹಾಗಾಗಲಿ ಎಂದು ಬಾಯಿಬಿಟ್ಟು ಹೇಳುವುದಕ್ಕಿಂತ ದೊಡ್ಡ ಮಾತು ಅದು.

"ನಾನಾ?"

"ಇನ್ಯಾರು? ನಮ್ಮ ಮಕ್ಸಾತ್‌ನ ನೋಡು, ಮಂಚದಿಂದ ಮೇಜಿಗೆ ಹೋಗೋಕೂ ಕಾರು ಬೇಕು ಅವನಿಗೆ. ಅವನ ಹುರಿ ಕತ್ತರಿಸಿದ್ದು ನಮ್ಮತ್ತೆ. ಆಯಮ್ಮ ಕೂತಲ್ಲಿಂದ ಎದ್ದಿದ್ದನ್ನ ನಾನಂತೂ ನೋಡಲಿಲ್ಲ. ಇವನಿಗಾದ್ರೂ ನಿನ್ನ ಕಾಲು ಬರಲಿ. ನಿನ್ನ ಓಟ ನಮ್ಮನೇಲಿ ಉಳೀಲಿ."

ಮೈಮೂನಾ ತಮಾಷೆ ಮಾಡಲು ಹೋದಳು. ಅದನ್ನು ಬಿಟ್ಟು ಮಗುವಿನ ಪುಟ್ಟ ಪಾದವನ್ನು ಅಂಗೈಯಲ್ಲಿ ಹಿಡಿದಳು. ಅವಳಿಗಿದ್ದ ಒಬ್ಬಳೇ ಮಗಳಿಗೆ ತಂದೆಯ ಮೈಕಟ್ಟು, ತಂದೆಯ ನಿಧಾನ. ಈಗ ಬಿಷ್ಕೆಕ್‌ನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಬಸ್ಸು ತಪ್ಪುತ್ತದೆಂದರೂ ಓಡುವುದಿಲ್ಲ, ಮುಂದಿನದು ಬರುತ್ತಲ್ಲ ಎನ್ನುತ್ತಾಳೆ. ತನ್ನ ಓಟ ತನ್ನೊಂದಿಗೇ ಮುಗಿಯಿತು ಎಂದು ಮೈಮೂನಾ ಎಂದೋ ಒಪ್ಪಿಕೊಂಡಿದ್ದಳು. ಆ ಸಂಜೆ ಮನೆಗೆ ಓಡಲೂ ಇಲ್ಲ, ನಡೆಯಲೂ ಇಲ್ಲ, ಕಾಲು ನೆಲಕ್ಕೆ ತಾಗಿದ ನೆನಪೇ ಅವಳಿಗಿರಲಿಲ್ಲ.

ಹುರಿಯನ್ನು ತಾನೇ ಹೊಸೆಯುತ್ತೇನೆ ಎಂದು ಹಠ ಹಿಡಿದಳು. ಸಂತೆಯಿಂದ ಕರಿ ಕುರಿಯದೊಂದು, ಬಿಳಿ ಕುರಿಯದೊಂದು ಉಣ್ಣೆ ತಂದು ತೊಡೆಯ ಮೇಲೆ ಹೊಸೆದಳು. ಅದೂ ಅವಳ ಲಗ್ಮನ್‌ನಂತೆಯೇ ಬಂತು. ಇಸ್ಹಾರ್ ಬಾಗಿಲಲ್ಲಿ ನಿಂತು ನೋಡಿ, "ಮಗೂನ ಕಟ್ಟೋಕಾ, ಲಾರಿ ಎಳೆಯೋಕಾ?" ಎಂದ. ಬಿಚ್ಚಿದಳು, ಮತ್ತೆ ಹೊಸೆದಳು. ಕೊನೆಗೆ ಸಮನಾದ, ಮೆತ್ತನೆಯ, ಮಗುವಿನ ಚರ್ಮಕ್ಕೆ ಚುಚ್ಚದ ಹುರಿ ಬಂತು. ಏಪ್ರಿಕಾಟ್ ಮರದ ಹಿಡಿಯಿರುವ ಪುಟ್ಟದೊಂದು ಚಾಕುವನ್ನೂ ಕೊಂಡು ತಂದಳು.

ಶಾಸ್ತ್ರದ ದಿನ ಇನ್ನೇನು ಬಂತು ಎನ್ನುವಾಗ ಬುರುಲ್ ಶಾಲೆಯ ಮೈದಾನಕ್ಕೇ ಬಂದಳು. ಮುಖದಲ್ಲಿ ಏನೋ ಕಳ್ಳನಗು.

"ಒಂದು ಮಾತು ಕೇಳ್ತೀನಿ, ಬೈಬೇಡ. ಬೀಗರು ನಾರಿನ್‌ನಿಂದ ಬರ್ತಿದಾರೆ. ಬೆಟ್ಟದ ಜನ, ಎಲ್ಲದಕ್ಕೂ ಮೂಗು ಮುರೀತಾರೆ. ಕೆಫೆಯಿಂದ ಲಗ್ಮನ್ ತರಿಸ್ತಿದೀನಿ. ನೀನೇ ಮಾಡಿದ್ದು ಅಂತ ಹೇಳ್ತೀನಿ, ಆಗಬಹುದಾ?"

"ನಾನು ಮಾಡಿದ್ದು ಅಂದ್ರೆ ಅವರು ಊರು ಬಿಟ್ಟು ಓಡ್ತಾರೆ."

"ಅವರಿಗೇನು ಗೊತ್ತು? ಡುಂಗಾನ್ ಗೆಳತಿ ಕೈಯಾರೆ ಮಾಡಿದ್ದು ಅಂದ್ರೆ ಅದರ ಗತ್ತೇ ಬೇರೆ."

ಇಬ್ಬರೂ ಬಿದ್ದು ಬಿದ್ದು ನಕ್ಕರು. ಬುರುಲ್ ಹೊರಟು ಹೋದ ಮೇಲೆ ಮೈಮೂನಾಳಿಗೆ ಒಳಗೆಲ್ಲೋ ಸಣ್ಣದೊಂದು ಮುಳ್ಳು ಆಡಿದಂತಾಯಿತು. ಇಷ್ಟಕ್ಕೆಲ್ಲ ಏನು ಎಂದು ಸೀಟಿ ಊದಿ ಹುಡುಗಿಯರನ್ನು ಸಾಲಿಗೆ ನಿಲ್ಲಿಸಿದಳು.

ಶಾಸ್ತ್ರದ ದಿನ ಬುರುಲಳ ಅಂಗಳದ ಏಪ್ರಿಕಾಟ್ ಮರ ಹೂ ತುಂಬಿಕೊಂಡಿತ್ತು. ಕಂಬಳಿ ಹಾಸಿ, ಉದ್ದದ ಬಟ್ಟೆಯ ಮೇಲೆ ಬೋರ್ಸೋಕ್ ಸುರಿದಿದ್ದರು, ಕರಿದ ಹಿಟ್ಟಿನ ಘಮ ಬೀದಿಯ ತನಕ ಹೊಡೆಯುತ್ತಿತ್ತು. ಮಾಂಸ ಬಂತು, ಸಾರು ಬಂತು, ಕೊನೆಗೆ ದೊಡ್ಡ ತಟ್ಟೆಗಳಲ್ಲಿ ಲಗ್ಮನ್ ಬಂತು. ಮೈಮೂನಾ ತನ್ನ ಹಸಿರು ರೇಷ್ಮೆಯ ಉಡುಪು ಹಾಕಿಕೊಂಡಿದ್ದಳು, ಮಡಿಲಲ್ಲಿನ ಕರವಸ್ತ್ರದಲ್ಲಿ ಹುರಿ ಮತ್ತು ಚಾಕು. ಬೆಕ್ತೂರ್ ಅವಳ ತೊಡೆ ಹತ್ತಿ ಕೂತು ಅವಳ ಕಿವಿಯೋಲೆಯನ್ನು ಕೀಳುವ ಪ್ರಯತ್ನದಲ್ಲಿದ್ದ.

"ಇವಳೇ ನನ್ನ ಮೈಮೂನಾ," ಬುರುಲ್ ಬೀಗರಿಗೆ ಹೇಳಿದಳು. "ಈ ಲಗ್ಮನ್ ಇವಳ ಕೈದೇ. ಬೆಳಗಿನ ಜಾವ ಎದ್ದು ಎಳೆದಿದ್ದಾಳೆ."

"ಮತ್ತೆ, ಡುಂಗಾನರ ಕೈ ಅಂದ್ರೆ ಕೈ," ಎಂದು ಬೀಗರ ಕಡೆಯ ಮುದುಕರೊಬ್ಬರು ಬೆರಳು ನೆಕ್ಕಿದರು.

ಬೀಗಿತ್ತಿ ಸೈರಾಗುಲ್ ಎತ್ತರದ, ಗಾಳಿಗೆ ಕೆಂಪೇರಿದ ಕೆನ್ನೆಯ ಹೆಂಗಸು. ಸುತ್ತು ಬಳಸು ಮಾತು ಅವಳಿಗೆ ಬಾರದು. "ಹಿಟ್ಟಿಗೆ ಉಪ್ಪು ಎಷ್ಟು ಹಾಕ್ತೀರಿ? ನಾನು ಮಾಡಿದ್ರೆ ಕಿತ್ತುಹೋಗುತ್ತೆ," ಎಂದು ನೇರ ಮೈಮೂನಾಳನ್ನೇ ಕೇಳಿದಳು.

"ಕೈಗೆ ಬಂದಷ್ಟು," ಎಂದಳು ಮೈಮೂನಾ. ಅದನ್ನು ಎಲ್ಲರೂ ದೊಡ್ಡ ಅಡುಗೆಯವರ ಬಿಂಕವೆಂದು ತಿಳಿದು ಮೆಚ್ಚಿಕೊಂಡು ನಕ್ಕರು. ಬುರುಲ್ ಆಚೆಯಿಂದ ಕಣ್ಣು ಮಿಟುಕಿಸಿದಳು. ಮೈಮೂನಾಳ ಮುಖ ಬಿಸಿಯಾಯಿತು.

ಚಹಾ ಸುತ್ತು ಬಂದಾಗ ಸೈರಾಗುಲ್ ಕೇಳಿದಳು, "ಹುರಿ ಕತ್ತರಿಸೋದು ಯಾರು, ಬೀಗಿತ್ತಿ?"

"ಮೈಮೂನಾ."

ಸೈರಾಗುಲ್ ಬಟ್ಟಲು ಕೆಳಗಿಟ್ಟಳು. ಪಕ್ಕದವರ ಮಾತು ಒಂದೊಂದಾಗಿ ನಿಂತಿತು. "ಎಜೆ, ತಪ್ಪು ತಿಳ್ಕೋಬೇಡಿ," ಎಂದಳು, ಮೈಮೂನಾಳನ್ನು ಅಕ್ಕ ಎಂದು ಕರೆದು, ಅವಳನ್ನೇ ನೋಡುತ್ತ. "ನಿಮ್ಮ ಮೇಲೆ ನನಗೇನೂ ಇಲ್ಲ. ಆದ್ರೆ ಇದು ಕಿರ್ಗಿಜರ ಮಗು. ಡುಂಗಾನರು ಕತ್ತರಿಸಿದ್ರೆ ಇವನು ಯಾರ ಹಂಗಾಗ್ತಾನೆ? ನಮ್ಮ ಕಡೆ ಹೆಂಗಸರನ್ನ ಓಡಿಸ್ತೀವಿ, ಗೆದ್ದವರ ಕೈಗೆ ಚಾಕು ಕೊಡ್ತೀವಿ. ಹಂಗೆ ಮಾಡಿದ್ರೆ ಯಾರಿಗೂ ಬೇಜಾರಿರಲ್ಲ."

ಇಂಥ ಮಾತನ್ನು ಮೈಮೂನಾ ಹೊಸದಾಗಿ ಕೇಳುತ್ತಿರಲಿಲ್ಲ. ಈ ಹೆಂಗಸು ಇವತ್ತು ಬೆಳಿಗ್ಗೆಯಷ್ಟೇ ಕಂಡವಳು, ಅವಳಿಂದ ಆಗುವ ನೋವು ಎಷ್ಟು ಆಳಕ್ಕಿಳಿದೀತು? ಮೈಮೂನಾ ಸೈರಾಗುಲ್‌ಳನ್ನು ನೋಡಲೇ ಇಲ್ಲ. ಬುರುಲಳತ್ತ ನೋಡಿದಳು, ಬಹಳ ನೆಮ್ಮದಿಯಿಂದ ನೋಡಿದಳು. ಈಗ ಬೂಟು ಬೀಳುತ್ತದೆ ನೋಡು ಅಂದುಕೊಂಡಳು.

ಬುರುಲ್ ನಕ್ಕಳು. ಚಹಾದ ಕೆಟಲನ್ನು ಕೈಯಲ್ಲಿ ಹಿಡಿದುಕೊಂಡೇ, ಕ್ಲಾಸಿನಲ್ಲಿ ಸುಲಭದ ಲೆಕ್ಕ ಬಿಡಿಸುವವಳ ಹಾಗೆ ಶುರುಮಾಡಿದಳು.

"ಅದಕ್ಕೇ ತಾನೆ ಬೀಗಿತ್ತಿ, ನಾನು ಇವಳನ್ನ ಆರಿಸಿದ್ದು. ನಮ್ಮ ಕಿರ್ಗಿಜರ ಕೈಲಿ ಕಾಸು ನಿಲ್ಲುತ್ತಾ ಹೇಳಿ? ಒಂದು ಕುರಿ ಇದ್ರೆ ಊರೆಲ್ಲ ಕರೆದು ತಿಂದು, ಚರ್ಮದ ಮೇಲೆ ಮಲಗ್ತೀವಿ. ಇವರನ್ನ ನೋಡಿ. ಗೇಣಗಲ ಜಾಗ ಕೊಡಿ, ಬೆಳ್ಳುಳ್ಳಿ ಹಾಕಿ ಮನೆ ಎಬ್ಬಿಸ್ತಾರೆ. ಕಾಸು ಕೈಗೆ ಬಂತಾ, ಮುಷ್ಟಿ ಬಿಚ್ಚಲ್ಲ. ಇವನು ಬೆಳೆಯೋ ಕಾಲಕ್ಕೆ ಬರೀ ಕಿರ್ಗಿಜನಾಗಿದ್ರೆ ಸಾಲಲ್ಲ. ಒಂಚೂರು ಡುಂಗಾನರ ಚಾಲಾಕಿ ಇರಲಿ ಅಂತ."

ಅಂಗಳಕ್ಕೆ ಅಂಗಳವೇ ನಕ್ಕಿತು. ಬೆರಳು ನೆಕ್ಕಿದ ಮುದುಕರು, "ಲೆಕ್ಕದ ಟೀಚರು ಅಂದ್ರೆ ಸುಮ್ಮನೆನಾ," ಎಂದು ತೊಡೆ ತಟ್ಟಿದರು. ಸೈರಾಗುಲ್ ಯೋಚಿಸಿದಳು. "ಅದೂ ಒಂದು ಮಾತೇ," ಎಂದು ಮತ್ತೆ ಬಟ್ಟಲು ಎತ್ತಿಕೊಂಡಳು. "ಸರಿ ಹಂಗಾದ್ರೆ, ಅವರೇ ಕತ್ತರಿಸಲಿ."

ಮೈಮೂನಾ ಗೆದ್ದಿದ್ದಳು. ಚಾಕು ಅವಳದೇ ಆಯಿತು. ಮಡಿಲಲ್ಲಿದ್ದ ಕರವಸ್ತ್ರ ಕಲ್ಲಿನಷ್ಟು ಭಾರವಾಯಿತು.

ತಿಂಗಳು ತಿಂಗಳೂ ಸಂಬಳದ ದಿನ 'ನಿನ್ನ ಕೈಲಿ ಕಾಸು ನಿಲ್ಲಲ್ಲ ಕಣೇ, ಊರ ಮಕ್ಕಳಿಗೆಲ್ಲ ಬೂಟು ಹೊಲಿಸಿ ನೀನು ಬರಿಗಾಲಲ್ಲಿ ಸಾಯ್ತೀಯ' ಎಂದು ಬೈಯುತ್ತಿದ್ದವಳು ಯಾರು? ಇವಳೇ. ನಿನ್ನ ಓಟ ನಮ್ಮನೆಯಲ್ಲಿ ಉಳಿಯಲಿ ಎಂದವಳು ಯಾರು? ಇವಳೇ, ಇದೇ ಬಾಯಿ. ಒಂದು ಮಾತು, ಓಟ ಅನ್ನುವ ಒಂದೇ ಒಂದು ಮಾತು ಅವಳ ಬಾಯಿಂದ ಬರಲಿಲ್ಲ. ಹೊಗಳಿಕೆಯನ್ನು ಕೇಳಿ ಇಷ್ಟು ಅವಮಾನವಾಗಬಹುದೆಂದು ಮೈಮೂನಾಳಿಗೆ ಐವತ್ತು ದಾಟಿದ ಮೇಲೆ ತಿಳಿಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹೊಗಳಿದವರಿಗೆ ಏನು ಹೇಳುವುದು? ಎಲ್ಲರೂ ಅವಳ ಕಡೆಗೆ ತಿರುಗಿ, ಅವಳೂ ನಗಲಿ ಎಂದು ಕಾಯುತ್ತಿದ್ದರು.

ಅವಳು ಮಗುವನ್ನು ಮಡಿಲಿಂದ ಇಳಿಸಿದಳು.

"ಬೇಡ ಬಿಡಿ," ಎಂದಳು. "ಸೈರಾಗುಲ್ ಹೇಳಿದಂಗೇ ಆಗಲಿ. ಓಡಿಸೋಣ. ಗೆದ್ದವರು ಕತ್ತರಿಸಲಿ."

"ಏನೇ ನಿಂದು, ಸುಮ್ಮನೆ ಕತ್ತರಿಸು ಅಂದ್ರೆ," ಎಂದು ಬುರುಲ್ ಗೊಣಗಿದಳು. ಅಷ್ಟರಲ್ಲಿ ಹುಡುಗಿಯರಿಗೆ ಹುಮ್ಮಸ್ಸು ಬಂದಿತ್ತು. ಬುರುಲ್ ಮಕ್ಕಳ ಆಟದ ಬಹುಮಾನಕ್ಕೆಂದು ತಂದಿಟ್ಟಿದ್ದ ಚಹಾಕ್ಕೆ ನೀರು ಕಾಯಿಸುವ, ಹೊಳೆಯುವ ಕರೆಂಟಿನ ಸಮೋವರನ್ನು ಯಾರೋ ಎತ್ತಿ ತಂದು ಗೇಟಿನ ಕಂಬದ ಪಕ್ಕ ಇಟ್ಟರು. ಬೆಕ್ತೂರ್‌ನ ತಾಯಿ ಜಿಬೆಕ್ ಮೈಮೂನಾಳಿಂದ ಹುರಿ, ಚಾಕು ಇಸಿದುಕೊಂಡು, ಅವನ ಕಾಲಿಗೆ ಹುರಿ ಸುತ್ತಿ ಗಂಟು ಹಾಕಿ, ಅವನನ್ನು ಗೇಟಿನೊಳಗೆ ಹಿಡಿದು ನಿಲ್ಲಿಸಿದಳು. ಅವನು ತನ್ನ ಕಾಲನ್ನು ಬಗ್ಗಿ ನೋಡಿ, ಇದ್ಯಾಕೆ ಹೀಗಾಯಿತೆಂದು ತುಟಿ ಚಾಚಿದ.

ಬೀದಿಯ ಆ ತುದಿಗೆ, ಕಾಲುವೆಯ ಸೇತುವೆಯ ಹತ್ತಿರ ಹೆಂಗಸರು ಸಾಲಾಗಿ ನಿಂತರು. ಸೈರಾಗುಲ್‌ಳ ತಂಗಿಯ ಮಗಳು, ಬುರುಲಳ ನಾದಿನಿಯ ಸೊಸೆಯರು, ಪಕ್ಕದ ಮನೆಯ ಹುಡುಗಿ. ಎಲ್ಲರೂ ಎಳೆಯರು, ಎಲ್ಲರೂ ಹೊಟ್ಟೆ ಬಿರಿಯುವಷ್ಟು ಮಾಂಸ ತಿಂದವರು, ಅರ್ಧ ಜನಕ್ಕೆ ಎತ್ತರದ ಹಿಮ್ಮಡಿಯ ಬೂಟು. ಈ ಟೀಚರಮ್ಮ ಯಾಕೆ ನಿಂತರೆಂದು ತಮ್ಮತಮ್ಮಲ್ಲೇ ನಗಾಡಿದರು. ಮೈಮೂನಾ ತನ್ನ ಚಪ್ಪಲಿ ಬಿಚ್ಚಿ ಸೇತುವೆಯ ಕಟ್ಟೆಯ ಮೇಲೆ ಜೋಡಿಸಿಟ್ಟಳು. ರೇಷ್ಮೆಯ ಉಡುಪನ್ನು ಮಂಡಿಯ ಮೇಲಕ್ಕೆತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಎಡಮಂಡಿಯ ಹಳೆಯ ಕಲೆ ಬಿಸಿಲಿಗೆ ಬಿತ್ತು.

ಓಡುವಾಗ ಅವಳಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಓಟದ ಸುಖವೇ ಅದು, ಸಿಟ್ಟು ಹಿಂದೆ ಉಳಿದುಬಿಡುತ್ತದೆ. ಮೊದಲರ್ಧ ಹುಡುಗಿಯರನ್ನು ಮುಂದೆ ಬಿಟ್ಟಳು, ಅವರು ಕಿಲಕಿಲ ನಕ್ಕು ಉಸಿರು ಚೆಲ್ಲಿಕೊಳ್ಳಲಿ ಎಂದು. ಆಮೇಲೆ ಒಬ್ಬೊಬ್ಬರನ್ನೇ ಹಿಂದೆ ಹಾಕಿದಳು. ನಾರಿನ್‌ನ ಹುಡುಗಿ ಒಬ್ಬಳು ಕೊನೆಯ ತನಕ ಹೆಗಲಿಗೆ ಹೆಗಲು ಕೊಟ್ಟು ಬಂದಳು, ಒಳ್ಳೆಯ ಕಾಲು, ಕಲಿಸಿದರೆ ಕಲಿಯುವ ಕಾಲು. ಗೇಟಿನ ಕಂಬವನ್ನು ಮೊದಲು ಮುಟ್ಟಿದ್ದು ಮೈಮೂನಾ.

ಚಪ್ಪಾಳೆಯೋ ಚಪ್ಪಾಳೆ. ಸೈರಾಗುಲ್ ಎದ್ದು ಗೇಟಿನ ತನಕ ಬಂದಿದ್ದಳು. ಬಗ್ಗಿ ಮೈಮೂನಾಳ ಬರಿಗಾಲನ್ನೂ ಮಂಡಿಯನ್ನೂ ನೋಡಿದಳು. ಕುದುರೆಗಳ ನಡುವೆ ಬೆಳೆದವಳು, ಓಟವೆಂದರೆ ಏನೆಂದು ಅವಳಿಗೆ ಗೊತ್ತಿತ್ತು.

"ಎಜೆ," ಎಂದಳು, ದನಿಯೇ ಬೇರೆಯಾಗಿತ್ತು. "ಹಿಂಗೆ ಓಡೋದು ಎಲ್ಲಿ ಕಲಿತ್ರಿ? ಈ ಗಾಯ ಓಟದ್ದೇನಾ?"

ಮೈಮೂನಾಳಿಗೆ ಇನ್ನೂ ಏದುಸಿರು. ಉತ್ತರ ಅವಳು ಹೇಳಬೇಕಾಗಿಯೂ ಇರಲಿಲ್ಲ, ಹೇಳಬಲ್ಲವಳು ಅಲ್ಲೇ ಸಮೋವರಿನ ಪಕ್ಕ ನಿಂತಿದ್ದಳು. ಬುರುಲಳತ್ತ ನೋಡಿದಳು. ಹೇಳು ಎಂದು ಮನಸ್ಸಿನಲ್ಲೇ ಬೇಡಿದಳು. ಆಗಿನದ್ದೆಲ್ಲ ಮರೆಯುತ್ತೇನೆ, ತಮಾಷೆ ಅಂದುಕೊಳ್ಳುತ್ತೇನೆ, ಈಗೊಂದು ಸಲ ಹೇಳು. ನಾವಿಬ್ಬರೂ ಒಟ್ಟಿಗೆ ಓಡಿದವರು ಎನ್ನು, ಸಾಕು.

ಬುರುಲ್ ಸಮೋವರನ್ನು ಎರಡೂ ಕೈಯಲ್ಲಿ ಮೇಲೆತ್ತಿದಳು. ಮುಖದ ತುಂಬ ಹೆಮ್ಮೆ. ಅದು ಸುಳ್ಳು ಹೆಮ್ಮೆಯಲ್ಲ, ಅದೇ ದೊಡ್ಡ ಸಂಕಟ.

"ಓಡದೆ ಏನ್ಮಾಡ್ತಾಳೆ, ಬೀಗಿತ್ತಿ? ಬಹುಮಾನ ಕಣ್ಮುಂದೆ ಇತ್ತಲ್ಲ. ಪುಕ್ಕಟೆ ಸಿಗುತ್ತೆ ಅಂದ್ರೆ ಡುಂಗಾನರು ಚಂದ್ರನ ತನಕಾನೂ ಓಡ್ತಾರೆ."

ಮತ್ತೆ ಅಂಗಳ ನಕ್ಕಿತು. ಸೈರಾಗುಲ್ ನಗಲಿಲ್ಲ. ಉತ್ತರಕ್ಕಾಗಿ ಇನ್ನೂ ಮೈಮೂನಾಳ ಮುಖವನ್ನೇ ನೋಡುತ್ತಿದ್ದಳು. ಮೈಮೂನಾ ಸೊಂಟಕ್ಕೆ ಸಿಕ್ಕಿಸಿದ್ದ ಉಡುಪನ್ನು ಬಿಡಿಸಿ ಮಂಡಿಯ ಮೇಲೆ ಇಳಿಬಿಟ್ಟಳು. ಇನ್ನು ಎಷ್ಟು ಓಡಿದರೂ ಅಷ್ಟೇ ಎಂದು ಅವಳಿಗೆ ತಿಳಿದುಹೋಗಿತ್ತು. ನಿಂತರೆ ಡುಂಗಾನಳು ನಿಂತಳು ಎನ್ನುತ್ತಾರೆ, ಓಡಿದರೆ ಡುಂಗಾನಳು ಓಡಿದಳು ಎನ್ನುತ್ತಾರೆ, ಮೈಮೂನಾ ಮಾತ್ರ ಎಲ್ಲೂ ಇಲ್ಲ.

ಹೊರಟುಬಿಡಬಹುದಿತ್ತು. ಆದರೆ ಕಟ್ಟಿದ ಕಾಲಿನಲ್ಲಿ ಬೆಕ್ತೂರ್ ನಿಂತಿದ್ದ, ಅವಳನ್ನು ಕಂಡು ಎರಡೂ ಕೈ ಚಾಚಿದ್ದ. ಅವನಿಗೆ ಅವಳು ಯಾವ ಜನದವಳೂ ಅಲ್ಲ, ಕಿವಿಯೋಲೆಯವಳು. ಅವಳು ಜಿಬೆಕ್‌ಳಿಂದ ಚಾಕು ತೆಗೆದುಕೊಂಡು ಮಣ್ಣಿನ ಮೇಲೆ ಮಂಡಿಯೂರಿದಳು. ತಾನೇ ಹೊಸೆದ ಹುರಿಯ ಕೆಳಗೆ ಒಂದು ಬೆರಳು ತೂರಿಸಿ, ಮಗುವಿನ ಚರ್ಮಕ್ಕೆ ತಾಗದಂತೆ ಚಾಕು ಇಟ್ಟು, ಎಳೆದಳು. ಕಪ್ಪೂ ಬಿಳಿಯೂ ಒಟ್ಟಿಗೇ ಕಡಿದು ಬಿದ್ದವು. "ಮುಂದೆ ನೋಡು," ಎಂದು ಅವನ ಕಿವಿಯಲ್ಲಿ ತನ್ನ ಮನೆಮಾತಿನಲ್ಲಿ ಹೇಳಿದಳು. ಓಟದ ಗೆರೆಯ ಮೇಲೆ ನಿಂತ ಎಲ್ಲ ಮಕ್ಕಳಿಗೂ ಅವಳು ಹೇಳುವುದು ಅದನ್ನೇ.

ಕೈ ಹಿಡಿದು ನಡೆಸಿದಳು. ಎದುರಿಗೆ ಬುರುಲ್ ಕುಕ್ಕರುಗಾಲಲ್ಲಿ ಕೂತು ತೋಳು ಚಾಚಿ, "ಬಾ ನನ್ನಪ್ಪ, ಬಾ ನನ್ನ ಕುದುರೆಮರಿ," ಎಂದು ಕರೆಯುತ್ತಿದ್ದಳು. ಮಗು ನಾಲ್ಕು ಹೆಜ್ಜೆ ತಪ್ಪುತಪ್ಪಾಗಿ ಇಟ್ಟು ಅಜ್ಜಿಯ ಕೈ ಸೇರಿತು. ಮೈಮೂನಾ ಕೈ ಬಿಟ್ಟಳು. ರಿಲೇಯಲ್ಲಿ ಕೋಲು ಕೊಟ್ಟವಳು ಪಟ್ಟೆಯಿಂದ ಪಕ್ಕಕ್ಕೆ ಸರಿದು ನಿಲ್ಲಬೇಕು. ಅವಳು ಸರಿದಳು.

ಸೇತುವೆಯ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಹಿಂದಿನಿಂದ ಹೆಜ್ಜೆ ಸದ್ದು ಕೇಳಿತು. ಬುರುಲ್ ಓಡಿ ಬರುತ್ತಿದ್ದಳು. ಒಂದು ಕೈಯಲ್ಲಿ ಮಾಂಸ, ಬೋರ್ಸೋಕ್ ತುಂಬಿದ ಚೀಲ, ಇನ್ನೊಂದರಲ್ಲಿ ಸಮೋವರ್.

"ಔತಣದ ಪಾಲು ಬಿಟ್ಟು ಹೋಗ್ತಾರೇನೇ? ಅದೂ ಹುರಿ ಕತ್ತರಿಸಿದವಳು? ಜನ ಏನಂತಾರೆ?"

ಮೈಮೂನಾ ಚಪ್ಪಲಿಯ ಪಟ್ಟಿ ಹಾಕಿಕೊಂಡಳು.

"ಯಾಕೇ ಮುಖ ಹಿಂಗೆ ಮಾಡ್ಕೊಂಡಿದೀಯ? ನಾನೇನು ಬೈದ್ನಾ? ಹೊಗಳಿದ್ದು ತಾನೆ?"

"ಯಾರನ್ನ?"

"ಇನ್ಯಾರನ್ನ, ನಿನ್ನನ್ನ."

"ನನ್ನ ಕೈಲಿ ಕಾಸು ನಿಲ್ಲಲ್ಲ ಅಂತ ತಿಂಗಳು ತಿಂಗಳೂ ಬೈಯೋದು ಯಾರನ್ನ ಮತ್ತೆ?"

ಬುರುಲ್ ತಬ್ಬಿಬ್ಬಾದಳು. ಸಮೋವರನ್ನು ಕಟ್ಟೆಯ ಮೇಲಿಟ್ಟಳು. "ಅಯ್ಯೋ, ಅದು ನಿನ್ನನ್ನ ಹೇಳಿದ್ದಲ್ಲ ಕಣೇ. ನೀನು ಬೇರೆ. ನಿನ್ನನ್ನ ನಾನು ಯಾವತ್ತಾದ್ರೂ ಡುಂಗಾನಳು ಅಂತ ನೋಡಿದೀನಾ?"

"ನಾನು ಡುಂಗಾನಳೇ. ಇಸ್ಹಾರ್ ಡುಂಗಾನನೇ, ನಮ್ಮವ್ವ ಡುಂಗಾನಳೇ. ನಿನಗೆ ಊಟ ಹಾಕಿದ್ದಾಳೆ ನಮ್ಮವ್ವ. ನಾನು ಬೇರೆ ಅಂದ್ರೆ ಅವಳೇನು?"

"ಒಂದು ಮಾತಿಗೆ ಎಲ್ಲಿಂದ ಎಲ್ಲಿಗೆ ಹೋಗ್ತಿದೀಯ ನೀನು," ಬುರುಲಳಿಗೂ ಸಿಟ್ಟು ಬಂತು. "ನಾನು ಹಂಗೆ ಹೇಳದೆ ಇದ್ದಿದ್ರೆ ಆಯಮ್ಮ ನಿನ್ನ ಕೈಗೆ ಚಾಕು ಕೊಡೋಕೆ ಬಿಡ್ತಿದ್ಲಾ? ಕಣ್ಣಾರೆ ನೋಡ್ದೆ ತಾನೆ? ನಿನಗೋಸ್ಕರ ಹೇಳಿದ್ದು ಅದನ್ನ. ನಿನಗೋಸ್ಕರ."

ಅದು ನಿಜವಿತ್ತು. ಬುರುಲ್ ಸುಳ್ಳುಗಾರ್ತಿಯಲ್ಲ. ಪೂರ್ತಿ ಸುಳ್ಳಾಗಿದ್ದರೆ ಮೈಮೂನಾಳಿಗೆ ಎಷ್ಟೋ ಹಗುರವಾಗುತ್ತಿತ್ತು. ಕಾಲುವೆಯ ನೀರು ಬೆಟ್ಟದ ಹಿಮ ಕರಗಿ ಕಂದಾಗಿ ಹರಿಯುತ್ತಿತ್ತು. ಅವಳು ಅದನ್ನು ನೋಡುತ್ತ ಕೇಳಿದಳು.

"ಬುರುಲ್, ನನ್ನ ಗಾಯದ ಕಲೆ ಯಾವ ಕಾಲಲ್ಲಿದೆ?"

"ಎಡಗಾಲು," ಬುರುಲ್ ಯೋಚಿಸಲೂ ಇಲ್ಲ. "ಯಾಕೆ, ಮರೀತೀನಾ? ಕೋಲೆಲ್ಲ ರಕ್ತ. ನನ್ನ ಕೈಗೂ ಮೆತ್ತಿತ್ತು. ಬಸ್ಸಲ್ಲಿ ನೀನು ನನ್ನ ಭುಜದ ಮೇಲೆ ಅತ್ತೆ, ನಾನು ಅದನ್ನ ತೊಳ್ಕೊಳ್ಳೋಕೂ ಹೋಗಲಿಲ್ಲ." ಹೇಳುತ್ತ ಹೇಳುತ್ತ ಅವಳ ಕಣ್ಣು ತುಂಬಿತು.

ಮೈಮೂನಾ ಗೆಳತಿಯ ಕಡೆಗೆ ತಿರುಗಿದಳು. ಇಷ್ಟೆಲ್ಲ ಇವಳ ಹತ್ತಿರ ಇತ್ತು. ಒಂದೂ ಕಳೆದುಹೋಗಿರಲಿಲ್ಲ.

"ಅಷ್ಟು ನೆನಪಿದೆ ನಿನಗೆ. ಆಯಮ್ಮ ಅದನ್ನೇ ಕೇಳಿದಳಲ್ಲ, ಬೆರಳಿಟ್ಟು ಕೇಳಿದಳು. ಯಾಕೆ ಹೇಳಲಿಲ್ಲ?"

ಬುರುಲ್ ಉತ್ತರ ಹುಡುಕಿದಳು. ಪ್ರಾಮಾಣಿಕವಾಗಿಯೇ ಹುಡುಕಿದಳು, ಹುಬ್ಬು ಗಂಟಿಕ್ಕಿ, ಬೋರ್ಡಿನ ಮುಂದೆ ನಿಂತಾಗಿನ ಹಾಗೆ. ಕೊನೆಗೆ ಸಿಕ್ಕಿತು.

"ಅದನ್ನೆಲ್ಲ ಹೇಳ್ತಾ ಕೂತ್ರೆ ಅಷ್ಟು ಜನದಲ್ಲಿ ಯಾರಿಗೆ ಅರ್ಥ ಆಗುತ್ತೆ ಕಣೇ? ಡುಂಗಾನರು ಹಂಗೆ ಅಂದ್ರೆ ಒಂದೇ ಮಾತಿಗೆ ಎಲ್ಲರಿಗೂ ಅರ್ಥ ಆಗುತ್ತೆ."

"ಹೂಂ," ಎಂದಳು ಮೈಮೂನಾ. "ಎಲ್ಲರಿಗೂ ಅರ್ಥ ಆಯ್ತು. ನನಗೂ ಆಯ್ತು."

ಸೇತುವೆ ದಾಟಿ ತನ್ನ ಮನೆಯ ದಾರಿ ಹಿಡಿದಳು. ಬುರುಲ್ ಎರಡು ಸಲ ಹೆಸರು ಹಿಡಿದು ಕರೆದಳು. ಚೀಲ ಹಿಡಿದ ಕೈಯನ್ನು ಮುಂದಕ್ಕೆ ಚಾಚಿಕೊಂಡು ಅಲ್ಲೇ ನಿಂತಿದ್ದಳು. ಅದನ್ನು ತೆಗೆದುಕೊಳ್ಳಲು ಮೈಮೂನಾ ಹಿಂದಿರುಗಲಿಲ್ಲ.